ನಡು ಊರಿನ ರಾತ್ರಿ, ಪೊಲೀಸರ ಲಾಠಿ: ಕಾನೂನು ಎಲ್ಲಿಯವರೆಗೆ ಬಿಡುತ್ತದೆ?

ಶನಿವಾರ ರಾತ್ರಿ ಒಂದು ಗಂಟೆಯಾಯಿತು ಅಂತ ನಮ್ಮ ಬೀದಿಗೆ ಹೇಳುವುದು ಲಾಠಿ. ಅರ್ಧ ಇಳಿದ ಶಟರ್ ಮೇಲೆ ಅದರ ತುದಿಯಿಂದ ಮೂರು ಸಲ ಕುಟ್ಟುತ್ತಾರೆ. ‘ನಡೀರಿ, ನಡೀರಿ, ಮನೆಗೆ ಹೋಗ್ರಿ’ ಅನ್ನುವ ಕೂಗು. ಬ್ಯಾರಿಕೇಡ್ ಎಳೆಯುವ ಸದ್ದು. ಪೊಲೀಸರ ಹೊಯ್ಸಳ ಗಸ್ತು ಗಾಡಿಯ ಕೆಂಪು-ನೀಲಿ ದೀಪ ನಮ್ಮ ಎರಡನೇ ಮಹಡಿಯ ಗೋಡೆ ಮೇಲೆ ಓಡಿ ಹೋಗುತ್ತದೆ. ಹತ್ತು ನಿಮಿಷದಲ್ಲಿ ಬೀದಿ ಖಾಲಿ. ನಡು ಬೆಂಗಳೂರಿನಲ್ಲಿ ಮನೆ ಮಾಡಿಕೊಂಡವರಿಗೆ ಇದು ಪ್ರತಿ ವಾರದ ಮಾತು.

ಒಂದು ರಾತ್ರಿ ಆ ಲಾಠಿ ಶಟರ್ ಬಿಟ್ಟು ಒಬ್ಬ ಹುಡುಗನ ಮೇಲೆ ಬಿತ್ತು. ಊಟ ಡೆಲಿವರಿ ಮಾಡುವವನು. ಬೈಕ್ ಸ್ಟಾರ್ಟ್ ಆಗದೆ ಕಿಕ್ ಹೊಡೆಯುತ್ತ ನಿಂತಿದ್ದ. ತೊಡೆಗೊಂದು ಏಟು, ಮೊಣಕೈಗೊಂದು. ಅವನು ಎದುರು ಮಾತಾಡಲಿಲ್ಲ. ಬೈಕ್ ತಳ್ಳಿಕೊಂಡು, ಕುಂಟುತ್ತ, ತಿರುವಿನಲ್ಲಿ ಮರೆಯಾದ. ನಾನು ಬಾಲ್ಕನಿಯಲ್ಲಿ ನಿಂತು ನೋಡಿದೆ. ಕೂಗಲಿಲ್ಲ. ಅದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

ಮಾರನೇ ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಇದೇ ಮಾತು. ‘ಎರಡು ಬಿಟ್ಟಿದ್ದು ಒಳ್ಳೇದಾಯ್ತು ಬಿಡಿ. ಇಲ್ದಿದ್ರೆ ಇವರು ಜಾಗ ಖಾಲಿ ಮಾಡ್ತಾರಾ?’ ಅಂದರು ನಮ್ಮ ಕೆಳಗಿನ ಮನೆಯ ಹಿರಿಯರು. ಅವರ ಹೆಂಡತಿಗೆ ಹೃದಯದ ತೊಂದರೆ. ಪಬ್ಬಿನ ಸದ್ದಿಗೆ ಶುಕ್ರವಾರ, ಶನಿವಾರ ರಾತ್ರಿ ಆ ಮನೆಯಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ. ಪಕ್ಕದ ಪಿಜಿಯಲ್ಲಿರುವ ಹುಡುಗಿ ಕೇಳಿದಳು: ‘ಅಂಕಲ್, ಅವನೇನು ತಪ್ಪು ಮಾಡಿದ್ದ? ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅಷ್ಟೇ ಅಲ್ವಾ?’ ಅವಳೂ ಶಿಫ್ಟ್ ಮುಗಿಸಿ ರಾತ್ರಿ ಎರಡಕ್ಕೆ ಬರುವವಳು. ‘ಬೀದಿ ಖಾಲಿ ಆದ್ರೆ ನಿಮಗೆ ನೆಮ್ಮದಿ, ನನಗೆ ಭಯ’ ಅಂದಳು.

ಇಬ್ಬರ ಮಾತಲ್ಲೂ ಸತ್ಯ ಇದೆ. ಆದರೆ ಇಬ್ಬರೂ ಕೇಳುತ್ತಿದ್ದ ಪ್ರಶ್ನೆ ಬೇರೆ ಬೇರೆ. ಹಿರಿಯರಿಗೆ ಬೇಕಿದ್ದದ್ದು ನಿದ್ದೆ. ಹುಡುಗಿ ಕೇಳಿದ್ದು ಆ ಏಟಿನ ಬಗ್ಗೆ. ಈ ಎರಡನ್ನೂ ಒಂದೇ ಗಂಟು ಮಾಡಿಕೊಂಡು ವರ್ಷಗಟ್ಟಲೆ ಜಗಳ ಆಡುತ್ತಿದ್ದೇವೆ. ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಏಟಿನ ವಿಷಯ. ಪೊಲೀಸರಿಗೆ ಬಲ ಬಳಸುವ ಅಧಿಕಾರ ಇದೆಯಾ? ಖಂಡಿತ ಇದೆ. ಯಾರನ್ನಾದರೂ ಬಂಧಿಸಲು ಹೋದಾಗ ಅವನು ಕೈ ಕೊಸರಿಕೊಂಡು ಎದುರು ಬಿದ್ದರೆ, ಹಿಡಿಯಲು ಎಷ್ಟು ಬೇಕೋ ಅಷ್ಟು ಬಲ ಬಳಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಇದನ್ನು ಹೇಳುತ್ತದೆ. ಅದರ ಹಿಂದೆಯೇ 46ನೇ ಕಲಂ ಬರುತ್ತದೆ: ಸಿಕ್ಕವನು ಓಡಿಹೋಗದಂತೆ ತಡೆಯಲು ಬೇಕಾದುದಕ್ಕಿಂತ ಒಂದು ಚೂರೂ ಜಾಸ್ತಿ ಬಿಗಿ ಮಾಡುವಂತಿಲ್ಲ. ಇನ್ನು, ಯಾರಾದರೂ ಮೈಮೇಲೆ ಬಿದ್ದರೆ ತನ್ನನ್ನೂ ಬೇರೆಯವರನ್ನೂ ಕಾಪಾಡಿಕೊಳ್ಳುವ ಹಕ್ಕು ಪೊಲೀಸರಿಗೂ ಇದೆ, ನಮಗೂ ಇದೆ. ಮೂರನೆಯದು ಗುಂಪು ಚದುರಿಸುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಮೂರರಲ್ಲಿ ಎಲ್ಲೂ ‘ಬುದ್ಧಿ ಕಲಿಸುವುದು’ ಅನ್ನುವುದಿಲ್ಲ. ನಮ್ಮ ಮಾತಿನಲ್ಲಿ ಮಾತ್ರ ಅದು ತುಂಬಿಕೊಂಡಿದೆ. ‘ನಾಲ್ಕು ಬಿಟ್ರೆ ಸರಿ ಹೋಗ್ತಾರೆ.’ ‘ಒದ್ದು ಒಳಗೆ ಹಾಕಿ.’ ಪೇಪರ್ ತೆಗೆದರೆ ‘ಪುಂಡರಿಗೆ ಲಾಠಿ ರುಚಿ.’ ರುಚಿ! ಏಟನ್ನು ಊಟದ ಹಾಗೆ ಬಡಿಸುವ ಈ ಮಾತು ನಮ್ಮ ನಾಲಿಗೆಗೆ ಎಷ್ಟು ರೂಢಿಯಾಗಿದೆ ಅಂದರೆ, ಅದರೊಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ಅದರೊಳಗೆ ಇರುವುದು ಶಿಕ್ಷೆ. ಶಿಕ್ಷೆ ಕೊಡುವ ಅಧಿಕಾರ ಇರುವುದು ಕೋರ್ಟಿಗೆ ಮಾತ್ರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಕೋರ್ಟಿಗಾದರೂ ಹೊಡೆಸುವ ಅಧಿಕಾರ ಇದೆಯಾ? ಇಲ್ಲ. ಬ್ರಿಟಿಷರ ಕಾಲದಲ್ಲಿ ಛಡಿ ಏಟು ಕಾನೂನಿನ ಶಿಕ್ಷೆಯೇ ಆಗಿತ್ತು, ಅದಕ್ಕೆಂದೇ ಒಂದು ಕಾಯ್ದೆ ಇತ್ತು. ಸ್ವತಂತ್ರ ಭಾರತದ ಸಂಸತ್ತು 1955ರಲ್ಲಿ ಅದನ್ನು ರದ್ದು ಮಾಡಿತು. ಇವತ್ತು ಸೆಷನ್ಸ್ ನ್ಯಾಯಾಧೀಶರು ಒಬ್ಬ ಕಳ್ಳನಿಗೆ ಜೈಲು ವಿಧಿಸಬಹುದು, ದಂಡ ಹಾಕಬಹುದು. ಒಂದೇ ಒಂದು ಏಟು ಹೊಡೆಯಿರಿ ಅಂತ ಬರೆಯುವಂತಿಲ್ಲ. ಹೈಕೋರ್ಟೂ ಬರೆಯುವಂತಿಲ್ಲ, ಸುಪ್ರೀಂ ಕೋರ್ಟೂ ಬರೆಯುವಂತಿಲ್ಲ. ದೇಶದ ಯಾವ ನ್ಯಾಯಾಧೀಶರೂ ಕೊಡಲಾಗದ ಶಿಕ್ಷೆ ಆ ಬೈಕ್ ಹುಡುಗನಿಗೆ ನಮ್ಮ ಬೀದಿಯಲ್ಲಿ ಸಿಕ್ಕಿತು. ಅದೂ ಬೈಕ್ ಕೆಟ್ಟು ನಿಂತ ತಪ್ಪಿಗೆ.

ಇದನ್ನು ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹಾಗಾದ್ರೆ ಕುಡಿದು ಗಲಾಟೆ ಮಾಡುವವರನ್ನ ಏನು ಪೂಜೆ ಮಾಡ್ಬೇಕಾ?’ ಅಂದರು. ಸರಿಯಾದ ಪ್ರಶ್ನೆಯೇ. ಉತ್ತರ ಗುಂಪಿನ ಕಾನೂನಿನಲ್ಲಿದೆ.

ಗುಂಪು ಚದುರಿಸುವ ಅಧಿಕಾರ ಸಂಹಿತೆಯ 148ನೇ ಕಲಂನಲ್ಲಿದೆ. ಇದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ಹಳೆಯ ಸಿಆರ್‌ಪಿಸಿಯಲ್ಲಿ, ಇದು 129 ಆಗಿತ್ತು. ಅದನ್ನು ಒಂದು ಮೆಟ್ಟಿಲಿನ ಹಾಗೆ ನೋಡಿ. ಕೆಳಗಿನ ಮೆಟ್ಟಿಲು ಹತ್ತದೆ ಮೇಲಿನದಕ್ಕೆ ಹಾರುವಂತಿಲ್ಲ. ಮೊದಲು, ಅದು ಕಾನೂನುಬಾಹಿರ ಗುಂಪಾಗಿರಬೇಕು, ಇಲ್ಲವೇ ಐದು ಅಥವಾ ಹೆಚ್ಚು ಜನ ಸೇರಿ ಶಾಂತಿ ಕೆಡಿಸುವ ಹಾಗೆ ಇರಬೇಕು. ಐದು ಜನ ನಿಂತು ಟೀ ಕುಡಿದರೆ ಅದು ಗುಂಪು, ಆದರೆ ಈ ಕಲಂ ಹೇಳುವ ಗುಂಪಲ್ಲ. ಆಮೇಲೆ, ‘ಚದುರಿ’ ಅಂತ ಆದೇಶ ಕೊಡಬೇಕು. ಎಲ್ಲರೂ ಕೊಡುವ ಹಾಗಿಲ್ಲ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಕೊಡಬೇಕು, ಇಲ್ಲವೇ ಠಾಣಾಧಿಕಾರಿ ಕೊಡಬೇಕು. ಠಾಣಾಧಿಕಾರಿ ಇಲ್ಲದಿದ್ದರೆ ಕನಿಷ್ಠ ಸಬ್‌ಇನ್‌ಸ್ಪೆಕ್ಟರ್ ದರ್ಜೆಯವರು. ಆದೇಶ ಕೇಳಿಯೂ ಜನ ಹೋಗದಿದ್ದರೆ, ಅಥವಾ ನಾವು ಹೋಗುವುದಿಲ್ಲ ಅಂತ ನಡವಳಿಕೆಯಲ್ಲೇ ತೋರಿಸಿದರೆ, ಆಗ ಬಲ. ಆ ಬಲದ ಗುರಿಯೂ ಒಂದೇ: ಜನ ಅಲ್ಲಿಂದ ಹೋಗಬೇಕು. ಓಡಿ ಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಅದು ಗುಂಪು ಚದುರಿಸುವುದು ಹೇಗಾದೀತು? ಅವನು ಆಗಲೇ ಚದುರಿದ್ದಾನೆ.

ಇಲ್ಲಿ ಇನ್ನೊಂದು ಮಾತನ್ನೂ ಬಿಚ್ಚಿ ನೋಡಬೇಕು: ‘ಲಘು ಲಾಠಿ ಪ್ರಹಾರ.’ ಪೊಲೀಸರ ಹೇಳಿಕೆಯಲ್ಲಿ, ಟಿವಿಯಲ್ಲಿ, ಪೇಪರ್‌ನಲ್ಲಿ ದಿನಾ ಬರುತ್ತದೆ. ಕಾನೂನಿನಲ್ಲಿ ಹೀಗೊಂದು ವರ್ಗವೇ ಇಲ್ಲ. ಲಾಠಿ ಅಂದರೆ ಗಟ್ಟಿ ಬಿದಿರಿನ ಕೋಲು, ಈಗೀಗ ಫೈಬರ್‌ನದು. ತಲೆಗೆ, ಹೆಗಲ ಮೂಳೆಗೆ ಬೀಳಬಾರದು, ಮಾಂಸ ಇರುವ ಜಾಗಕ್ಕೆ ಬೀಳಬೇಕು ಅನ್ನುವುದು ಪೊಲೀಸರಿಗೆ ಕಲಿಸುವ ಪಾಠ. ಆದರೆ ಮೈ ತಿರುಗಿಸಿದವನಿಗೆ, ಕೈ ಅಡ್ಡ ಹಿಡಿದವನಿಗೆ ಅದು ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು? ನಮ್ಮ ಹುಡುಗನಿಗೆ ಮೊಣಕೈಗೆ ಬಿದ್ದದ್ದು ಹಾಗೆಯೇ. ತೊಡೆಗೆ ಬೀಸಿದ ಎರಡನೇ ಏಟಿಗೆ ಅವನು ಕೈ ಅಡ್ಡ ತಂದ. ಬೀಸಿದವರಿಗೆ ಲಘು ಅನ್ನಿಸಬಹುದು. ತಿಂದವನಿಗೆ ವಾರಗಟ್ಟಲೆ ಕೈ ಮಡಚಲು ಆಗಿರಲಿಕ್ಕಿಲ್ಲ.

ಸುಪ್ರೀಂ ಕೋರ್ಟಿನ ಮುಂದೆ ಇದೆಲ್ಲ ದೊಡ್ಡದಾಗಿ ಬಂದದ್ದು ದೆಹಲಿಯ ರಾಮಲೀಲಾ ಮೈದಾನದ ಪ್ರಕರಣದಲ್ಲಿ. 2011ರ ಜೂನ್ 4ರ ನಡುರಾತ್ರಿ, ಪೆಂಡಾಲಿನಲ್ಲಿ ಮಲಗಿದ್ದ ಸಾವಿರಾರು ಜನರನ್ನು ಪೊಲೀಸರು ಎಬ್ಬಿಸಿ ಓಡಿಸಿದರು. ಅಶ್ರುವಾಯು, ಲಾಠಿ ಎಲ್ಲ ಆಯಿತು. ಗಾಯಗೊಂಡ ಒಬ್ಬ ಮಹಿಳೆ ಆಮೇಲೆ ತೀರಿಕೊಂಡರು. 2012ರ ತೀರ್ಪಿನಲ್ಲಿ ಕೋರ್ಟ್ ಪೊಲೀಸರ ನಡವಳಿಕೆಯನ್ನು ಖಂಡಿಸಿತು, ಪರಿಹಾರ ಕೊಡಲು ಹೇಳಿತು. ನನಗೆ ಆ ತೀರ್ಪು ನೆನಪಿನಲ್ಲಿ ಉಳಿದಿರುವುದು ಇನ್ನೊಂದು ಕಾರಣಕ್ಕೆ. ಮಲಗಿದ್ದವರನ್ನು ಎಬ್ಬಿಸಿ ಓಡಿಸಿದ್ದನ್ನು ಹೇಳುತ್ತ, ನಿದ್ದೆ ಕೂಡ ಬದುಕುವ ಹಕ್ಕಿನ ಭಾಗ ಅಂತ ಪೀಠದ ಒಬ್ಬ ನ್ಯಾಯಮೂರ್ತಿ ಬರೆದರು. ಹಾಲಿನ ಬೂತ್ ಹತ್ತಿರ ನಮ್ಮಲ್ಲಿ ನಡೆದ ಜಗಳದ ಎರಡೂ ಕಡೆ ಆ ಒಂದೇ ತೀರ್ಪಿನಲ್ಲಿದೆ. ಹಿರಿಯರ ನಿದ್ದೆಯೂ ಹಕ್ಕು, ಹುಡುಗನ ಮೈಯೂ ಹಕ್ಕು. ಒಂದನ್ನು ಕೊಡಲು ಇನ್ನೊಂದನ್ನು ಕಿತ್ತುಕೊಳ್ಳಬೇಕಾಗಿಲ್ಲ.

ಬಂದು ಹೋಗುವವರು ಮತ್ತು ಇರುವವರು

ನಡು ಊರಿನ ಕಷ್ಟ ಬೇರೆ ಬಡಾವಣೆಗಳಿಗೆ ಸುಲಭಕ್ಕೆ ಅರ್ಥ ಆಗುವುದಿಲ್ಲ. ಇಲ್ಲಿ ನಾವು ಮಲಗುವ ಜಾಗಕ್ಕೇ ಉಳಿದ ಊರೆಲ್ಲ ಬರುತ್ತದೆ. ಹಬ್ಬ ಮಾಡಲು ಬರುತ್ತದೆ, ವ್ಯಾಪಾರಕ್ಕೆ ಬರುತ್ತದೆ, ಸರ್ಕಾರದ ಮುಂದೆ ಗೋಳು ಹೇಳಿಕೊಳ್ಳಲು ಬರುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ರಾತ್ರಿ ಬೀದಿಗೆ ಕಣ್ಣಿತ್ತು. ಈಗ ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಆ ಮೇಲಿನ ಮನೆಗಳಲ್ಲಿ ಎಷ್ಟೋ ಗೋಡೌನ್ ಆಗಿವೆ. ಶಟರ್ ಬಿದ್ದ ಮೇಲೆ ಬೀದಿ ಬಿಕೋ ಅನ್ನುತ್ತದೆ. ದಂಡಿನ (ಕಂಟೋನ್ಮೆಂಟ್) ಕಡೆ, ಎಂ.ಜಿ. ರೋಡ್, ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್‌ನಲ್ಲಿ ಇದಕ್ಕೆ ಉಲ್ಟಾ, ರಾತ್ರಿಯೇ ಜನ.

ಹೀಗಾಗಿ ಇಲ್ಲಿ ಏಟು ತಿನ್ನುವವರು ಹೆಚ್ಚಾಗಿ ಹೊರಗಿನಿಂದ ಬಂದವರು. ಡೆಲಿವರಿ ಹುಡುಗರು, ತಳ್ಳುಗಾಡಿಯವರು, ಆಟೊದವರು, ಮುಷ್ಕರಕ್ಕೆ ಬಂದವರು. ಅದರಿಂದ ಸಿಗುವ ಮೌನ ಮಾತ್ರ ನಮಗೆ, ಇಲ್ಲಿ ಮನೆ ಇರುವವರಿಗೆ. ಈ ಲೆಕ್ಕವನ್ನು ನಾವು ನಿವಾಸಿಗಳು ಒಪ್ಪಿಕೊಳ್ಳಲೇಬೇಕು. ‘ಪೊಲೀಸರು ಸ್ಟ್ರಿಕ್ಟ್ ಆಗಿರಲಿ’ ಅಂತ ನಾವು ಅರ್ಜಿ ಕೊಟ್ಟಾಗ ಆ ಸ್ಟ್ರಿಕ್ಟ್ ಯಾರ ಮೈಮೇಲೆ ಇಳಿಯುತ್ತದೆ ಅಂತ ನಮಗೆ ಗೊತ್ತಿರಬೇಕು.

ತಳ್ಳುಗಾಡಿಯವರ ವಿಷಯದಲ್ಲಂತೂ ಕಾನೂನು ತುಂಬ ಸ್ಪಷ್ಟ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸರ್ಟಿಫಿಕೇಟ್ ಇಟ್ಟುಕೊಂಡು ಅದರ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರೂ ತಡೆಯುವಂತಿಲ್ಲ. ಎತ್ತಂಗಡಿ ಮಾಡಬೇಕಿದ್ದರೆ 30 ದಿನದ ನೋಟಿಸ್ ಬೇಕು. ಬಾಣಲೆ ಒದೆಯುವುದು ಯಾವ ಕಲಂನಲ್ಲೂ ಇಲ್ಲ.

ಪ್ರತಿಭಟನೆಯ ಕಥೆ ಸ್ವಲ್ಪ ಉದ್ದ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಜನ ಟೌನ್ ಹಾಲ್ ಮುಂದೆ ಸೇರಬೇಕಿತ್ತು. ಹಿಂದಿನ ದಿನವೇ ಇಡೀ ನಗರಕ್ಕೆ 144ನೇ ಕಲಂ ಹಾಕಿದರು. ಬಂದವರನ್ನೆಲ್ಲ ಬಸ್ಸಿಗೆ ಹತ್ತಿಸಿದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಮಾತಿನ ನಡುವೆಯೇ ಎಳೆದೊಯ್ದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ 144ರ ಆದೇಶವೇ ಕಾನೂನುಬಾಹಿರ ಅಂದಿತು. ನಿಷೇಧ ಯಾಕೆ ಬೇಕಾಯಿತು ಅನ್ನುವುದಕ್ಕೆ ಸರಿಯಾದ ಕಾರಣಗಳನ್ನೇ ಆದೇಶದಲ್ಲಿ ದಾಖಲಿಸಿರಲಿಲ್ಲ. ಈ 144 ಈಗ ಹೊಸ ಸಂಹಿತೆಯಲ್ಲಿ 163 ಆಗಿದೆ. ನಂಬರ್ ಬದಲಾದರೂ ಕಾರಣ ಬರೆಯಬೇಕು ಅನ್ನುವ ಹೊಣೆ ಹಾಗೇ ಇದೆ.

ಆಮೇಲೆ ಮೆರವಣಿಗೆಗಳಿಂದ ಟ್ರಾಫಿಕ್ ನಿಲ್ಲುತ್ತದೆ ಅನ್ನುವ ವಿಷಯವನ್ನು ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿಗೆ ಬಂದು ನಿಂತವು. ಹಳೆಯ ಸೆಂಟ್ರಲ್ ಜೈಲಿನ ಜಾಗ ಅದು. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಹಾಕಿದ್ದ ಜಾಗ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಅಹೋರಾತ್ರಿ ಕೂತದ್ದು ಅಲ್ಲಿಯೇ. ಗಾಂಧಿನಗರ, ಶೇಷಾದ್ರಿ ರಸ್ತೆ ಕಡೆ ಇರುವವರಿಗೆ ಮೈಕಿನ ಸದ್ದು ಕಷ್ಟ, ನಿಜ. ಆದರೆ ಊರಿನ ಎಲ್ಲ ಕೂಗನ್ನೂ ಒಂದೇ ಗೋಡೆಯೊಳಗೆ ತುಂಬಿದ್ದರಿಂದ ಅವರ ಕಷ್ಟ ಕಡಿಮೆ ಆಗಲಿಲ್ಲ, ಹೆಚ್ಚೇ ಆಯಿತು.

ಇಷ್ಟೆಲ್ಲ ಹೇಳುವಾಗ ಪೊಲೀಸರ ಕಡೆಗೂ ನಿಂತು ನೋಡಬೇಕು. ಡಿಸೆಂಬರ್ 31ರಂದು ಬ್ರಿಗೇಡ್ ರೋಡಿನಲ್ಲಿ ಬಂದೋಬಸ್ತಿಗೆ ನಿಂತ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಬಗ್ಗೆ ಯೋಚಿಸಿ. ಮಧ್ಯಾಹ್ನದಿಂದ ನಿಂತಿರುತ್ತಾರೆ. ಮೂತ್ರಕ್ಕೆ ಹೋಗಲು ಜಾಗ ಹುಡುಕಬೇಕು. ಮುಂದೆ ಸಾವಿರಾರು ಜನ, ಕುಡಿದವರು ಎಷ್ಟೋ. 2016ರ ಕೊನೆಯ ರಾತ್ರಿ ಅಲ್ಲಿ ಹೆಣ್ಣುಮಕ್ಕಳ ಮೇಲೆ ಏನೇನಾಯಿತು ಅಂತ ದೇಶವೇ ಮಾತಾಡಿತ್ತು. ಅವತ್ತು ಎಲ್ಲರೂ ಬೈದದ್ದು ಪೊಲೀಸರು ಇದ್ದೂ ಏನೂ ಮಾಡಲಿಲ್ಲ ಅಂತ. ಬಲ ಬಳಸಿದರೂ ಬೈಗುಳ, ಬಳಸದಿದ್ದರೂ ಬೈಗುಳ ಅಂತ ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಆ ರಾತ್ರಿ ಬೇಕಿದ್ದ ಬಲ ಯಾವುದು? ಒಬ್ಬಳ ಮೈಮುಟ್ಟಿದವನ ಕೈ ಹಿಡಿದು, ಜೀಪಿಗೆ ಹತ್ತಿಸಿ, ಎಫ್‌ಐಆರ್ ಮಾಡುವುದು. ಸಿಕ್ಕವರ ಮೇಲೆ ಬೀಸುವ ಲಾಠಿಗೆ ಯಾರು ತಪ್ಪು ಮಾಡಿದರು, ಯಾರು ಮಾಡಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ. ತಪ್ಪು ಮಾಡಿದವನು ಎರಡು ಏಟು ತಿಂದು, ಕೇಸಿಲ್ಲದೆ ಮನೆಗೆ ಹೋಗಿ ಮಲಗುತ್ತಾನೆ.

ಬಲ ಇದ್ದರೂ ಪ್ಲಾನ್ ಇಲ್ಲದಿದ್ದರೆ ಏನಾಗುತ್ತದೆ ಅಂತ 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೋಡಿದೆವು. ಸುಮಾರು 35,000 ಜನ ಕೂರುವ ಜಾಗದ ಸುತ್ತ ಲಕ್ಷಾಂತರ ಜನ. ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು. ಗೇಟಿನ ಹತ್ತಿರ ಎದೆಗೆ ಎದೆ ತಾಗುವಷ್ಟು ಜನ ಒತ್ತಿಕೊಂಡ ಮೇಲೆ ಲಾಠಿ ಎತ್ತಿದರೆ ಮುಂದಿದ್ದವರು ಹಿಂದೆ ಸರಿಯಲಾರರು, ಹಿಂದಿದ್ದವರಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತಿರುವುದಿಲ್ಲ. ‘ಚದುರಿ’ ಅನ್ನುವ ಆದೇಶಕ್ಕೆ ಅರ್ಥ ಬರಬೇಕಾದರೆ ಚದುರಲು ಒಂದು ದಾರಿ ಇರಬೇಕು. ಆ ದಾರಿಯನ್ನು ಹಿಂದಿನ ದಿನವೇ ಮಾಡಿಡಬೇಕು.

ಏಟು ಬಿದ್ದ ಮೇಲೆ

ತಪ್ಪಾಗಿ ಏಟು ಬಿತ್ತು ಅಂತಿಟ್ಟುಕೊಳ್ಳಿ. ಆಮೇಲೇನು? ಮೊದಲ ಕೆಲಸ ಆಸ್ಪತ್ರೆಗೆ ಹೋಗುವುದು. ನಡು ಊರಿನಲ್ಲಿ ವಿಕ್ಟೋರಿಯಾ ಇದೆ, ಬೌರಿಂಗ್ ಇದೆ. ಹೇಗಾಯಿತು ಅಂತ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಎಂಎಲ್‌ಸಿ, ಅಂದರೆ ಕೇಸಿಗೆ ಬೇಕಾಗುವ ಗಾಯದ ದಾಖಲೆ, ಬರೆಸಬೇಕು. ‘ಬಿದ್ದೆ’ ಅಂದುಬಿಟ್ಟರೆ ಅಲ್ಲಿಗೆ ಕೇಸ್ ಮುಗಿಯಿತು. ದೂರು ಡಿಸಿಪಿಗೆ ಕೊಡಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕೊಡಬಹುದು, ಆದರೆ ಒಂದು ವರ್ಷದ ಒಳಗೆ. ಪೊಲೀಸ್ ದೂರು ಪ್ರಾಧಿಕಾರ ಅಂತ ಒಂದಿದೆ. ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಇಂಥದ್ದೊಂದು ಬೇಕು ಅಂತ ಹೇಳಿದ ಮೇಲೆ, 2012ರ ತಿದ್ದುಪಡಿಯಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯೊಳಗೆ ಬಂತು. ನಮ್ಮ ಬೀದಿಯಲ್ಲಿ ವಿಚಾರಿಸಿದೆ. ಇದು ಇದೆ ಅಂತ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಠಾಣೆಯೊಳಗೆ ಆದದ್ದಾದರೆ ಕ್ಯಾಮೆರಾ ಇರಬೇಕು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಲಾಕಪ್ಪು, ಕಾರಿಡಾರು, ಬಾಗಿಲು ಎಲ್ಲ ಕಡೆ ಸಿಸಿಟಿವಿ ಇರಬೇಕು, ಕನಿಷ್ಠ ಒಂದು ವರ್ಷ ದೃಶ್ಯ ಇಟ್ಟುಕೊಂಡಿರಬೇಕು ಅಂದಿದೆ. ಬೀದಿಯಲ್ಲಾದರೆ ನಮ್ಮ ಮೊಬೈಲೇ ಸಾಕ್ಷಿ. ಡ್ಯೂಟಿಯಲ್ಲಿರುವ ಪೊಲೀಸರನ್ನು ರಸ್ತೆಯಲ್ಲಿ ದೂರ ನಿಂತು ವಿಡಿಯೊ ಮಾಡುವುದೇ ಅಪರಾಧ ಅನ್ನುವ ಕಾನೂನು ಇಲ್ಲ. ಅವರ ಕೆಲಸಕ್ಕೆ ಅಡ್ಡ ಬಂದರೆ ಮಾತ್ರ ಅಪರಾಧ. ಬಂಧಿಸುವ ಪೊಲೀಸರ ಎದೆ ಮೇಲೆ ಹೆಸರು ಕಾಣುವಂತಿರಬೇಕು. ಇದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು, ಈಗ ಸಂಹಿತೆಯಲ್ಲೇ ಇದೆ.

ಕೊನೆಗೆ ದಾರಿ ಬಿಗಿಯಾಗುವುದು ಕೋರ್ಟಿನ ಬಾಗಿಲಲ್ಲಿ. ಡ್ಯೂಟಿಗೆ ಸಂಬಂಧಪಟ್ಟ ಕೆಲಸಕ್ಕೆ ಪೊಲೀಸರ ಮೇಲೆ ಕೇಸ್ ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಇದನ್ನೇ ಹೇಳುತ್ತದೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಅಧಿಕಾರ ಮೀರಿ ನಡೆದಿದ್ದರೂ ಆ ಕೆಲಸಕ್ಕೂ ಡ್ಯೂಟಿಗೂ ನಂಟಿದ್ದರೆ ಅನುಮತಿ ಬೇಕೇ ಬೇಕು ಅಂದಿತು. ಪ್ರಾಮಾಣಿಕ ಅಧಿಕಾರಿಯ ಮೇಲೆ ಸುಳ್ಳು ಕೇಸುಗಳ ಮಳೆ ಸುರಿಯಬಾರದು ಅನ್ನುವುದು ಇದರ ಉದ್ದೇಶ. ಅದು ನನಗೆ ಅರ್ಥವಾಗುತ್ತದೆ. ಆದರೆ ದಿನದ ಡೆಲಿವರಿ ದುಡ್ಡಿನಲ್ಲಿ ಬದುಕುವ ಹುಡುಗ ಸರ್ಕಾರದ ಅನುಮತಿಗೆ ಎಷ್ಟು ವರ್ಷ ಕಾಯುತ್ತಾನೆ?

ಈಗ ಹಿರಿಯರ ನಿದ್ದೆಗೆ ಬರೋಣ. ಅದಕ್ಕೆ ಲಾಠಿಗಿಂತ ಒಳ್ಳೆಯ ಉಪಾಯ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬಲ್ ಮಿತಿ. ನಡು ಊರಿನವರು ಸಿಕ್ಕಿಕೊಳ್ಳುವುದು ಇಲ್ಲಿಯೇ. ಮನೆ, ಪಬ್ಬು ಒಂದೇ ಕಟ್ಟಡದಲ್ಲಿದ್ದರೆ ಆ ಜಾಗ ಯಾವ ವರ್ಗ? ಬೆರೆತ ಪ್ರದೇಶವನ್ನು ಯಾವುದಾದರೂ ಒಂದು ವರ್ಗಕ್ಕೆ ಸೇರಿಸುವುದು ಅಧಿಕಾರಿಗಳ ಕೈಯಲ್ಲಿದೆ. ಹಾಗಾಗಿ ನಿವಾಸಿಗಳು ಮೊದಲು ಕೇಳಬೇಕಾದದ್ದು ‘ನಮ್ಮ ಬೀದಿ ಯಾವ ವರ್ಗದಲ್ಲಿದೆ, ಕೊನೆಯ ಸಲ ಯಾವಾಗ ಅಳೆದಿರಿ’ ಅಂತ. ಸದ್ದು ಬರುವುದು ಸ್ಪೀಕರಿನಿಂದ. ಸ್ಪೀಕರಿಗೆ ಒಬ್ಬ ಮಾಲೀಕರಿದ್ದಾರೆ. ಅವರಿಗೆ ಲೈಸೆನ್ಸ್ ಇದೆ, ಅದಕ್ಕೆ ಷರತ್ತುಗಳಿವೆ. ಬಾಗಿಲಾಚೆ ಬೈಕ್ ಕಿಕ್ ಹೊಡೆಯುವವನಿಗೆ ಬಾರಿಸಿದರೆ ಆ ಸ್ಪೀಕರ್ ಮುಂದಿನ ಶನಿವಾರವೂ ಅಷ್ಟೇ ಜೋರಾಗಿ ಕೂಗುತ್ತದೆ.

ನಮ್ಮ ಬೀದಿಯವರು ಸೇರಿ ಠಾಣೆಗೆ ಕೊಡಲು ಒಂದು ಅರ್ಜಿ ಬರೆದೆವು. ಸದ್ದು ಅಳೆಯಿರಿ, ಮುಚ್ಚುವ ಹೊತ್ತಿಗೆ ಒಬ್ಬ ಎಸ್‌ಐ ಸ್ಥಳದಲ್ಲಿರಲಿ, ಎಲ್ಲ ಪೊಲೀಸರ ಎದೆ ಮೇಲೆ ಹೆಸರು ಕಾಣುವಂತಿರಲಿ, ಸುಮ್ನೆ ಯಾರಿಗೂ ಹೊಡೆಯಬೇಡಿ. ಹಿರಿಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಕೊನೇ ಸಾಲು ತೆಗೀರಿ, ಸಹಿ ಹಾಕ್ತೀನಿ’ ಅಂದರು. ಅರ್ಧ ಗಂಟೆ ಮಾತಾಡಿದೆವು. ಅವರು ಬಗ್ಗಲಿಲ್ಲ, ಹುಡುಗಿಯೂ ಬಗ್ಗಲಿಲ್ಲ. ಕೊನೆಗೆ ಎರಡು ಅರ್ಜಿ ಮಾಡಿದೆವು. ಸದ್ದಿನ ಅರ್ಜಿಗೆ 41 ಸಹಿ, ಮೊದಲನೆಯದು ಹಿರಿಯರದ್ದು. ಲಾಠಿಯ ಅರ್ಜಿಗೆ 9. ಎರಡಕ್ಕೂ ಸೀಲ್ ಹಾಕಿ ಸ್ವೀಕೃತಿ ಕೊಟ್ಟಿದ್ದಾರೆ. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.